ಹಳೆಯ ಮಸೀದಿಯೊಳಗೆ ಲುಂಗಿ

ಕೊಲ್ಲಿ ನಾಡಿನಲ್ಲಿ ನಾನಿದ್ದ ಅಲ್ ಕುಸೈಸ್‌ನಿಂದ ಕಾರಿನಲ್ಲಿ ಸೈಕಲ್ ಹೇರಿಕೊಂಡು ಹೋಗಿ, ಹತ್ತಾ ಬೆಟ್ಟಗಳ ನಡುವೆ ತುಳಿಯುವುದು ನನ್ನ ಶನಿವಾರಗಳ ಅಭ್ಯಾಸವಾಗಿತ್ತು. ದಾರಿಯ ಖರ್ಜೂರದ ತೋಟಗಳ ಪಕ್ಕದಲ್ಲಿ ಮಣ್ಣಿನ ಒಂದು ಹಳೆಯ ಮಸೀದಿ. ನೋಡಲು ಯಾರನ್ನಾದರೂ ಬಿಡುತ್ತಾರೆಂದು ಗೊತ್ತಿದ್ದರೂ ಪ್ರತಿ ಸಲ ಮುಂದೂಡಿದ್ದೆ. ದೂರದ ರುವೈಸ್‌ಗೆ ವರ್ಗದ ಆದೇಶ ಬಂದ ಮೇಲೆ, ಇವತ್ತು ಬಿಟ್ಟರೆ ಇನ್ನಿಲ್ಲ ಎಂದು ಇಳಿದೆ.

ಕಾವಲಿಗಿದ್ದ ಪಠಾಣ ಚಾಚಾ ನನ್ನ ಸೈಕಲ್ ಚಡ್ಡಿ ನೋಡಿ ತಲೆಯಾಡಿಸಿದರು. "ಮೊಣಕಾಲು ಮುಚ್ಚಬೇಕು, ಭಾಯಿ."

ಎದುರಿನ ಗ್ರೋಸರಿ ಅಂಗಡಿಯ ಮಲಯಾಳಿ ನಗುತ್ತ ತನ್ನದೊಂದು ಲುಂಗಿ ತಂದುಕೊಟ್ಟ. ಚಡ್ಡಿಯ ಮೇಲೆಯೇ ಸುತ್ತಿಕೊಂಡು ಶೂ ಬಿಚ್ಚಿದೆ. ಚಾಚಾ ಒಪ್ಪಿ ಪಕ್ಕಕ್ಕೆ ಸರಿದರು. ಬಾಗಿಲಿಗೆ ಎರಡು ಮೆಟ್ಟಿಲು. ಉಡುಪಿಯವನು ನಾನು, ಮೆಟ್ಟಿಲು ಕಂಡದ್ದೇ ಕೈಗಳು ತಾವಾಗಿ ಲುಂಗಿಯನ್ನು ಎತ್ತಿ, ಮಡಚಿ, ಸೊಂಟಕ್ಕೆ ಕಟ್ಟಿಬಿಟ್ಟವು.

"ಭಾಯಿ," ಎಂದರು ಚಾಚಾ ಹಿಂದಿನಿಂದ, "ಹೀಗೆ ಎತ್ತುವುದಕ್ಕೆ ಇಷ್ಟುದ್ದದ ಬಟ್ಟೆ ಯಾಕೆ?"

"ನಮ್ಮೂರಲ್ಲಿ ಎಲ್ಲರೂ ಹೀಗೆಯೇ, ಚಾಚಾ."

"ಇವನದೂ ಅದೇ ಕತೆ," ಎಂದು ಗ್ರೋಸರಿಯವನತ್ತ ಕೈ ತೋರಿಸಿದರು. "ದಿನಾ ಹೇಳಿ ಸಾಕಾಗಿದೆ."

ಲುಂಗಿ ಇಳಿಸಿದೆ. ಅವರಿಗೆ ನಂಬಿಕೆ ಬರಲಿಲ್ಲ. "ಎರಡೂ ಕೈ ಹಿಂದೆ ಕಟ್ಟಿಕೊಂಡರೆ ಬಿಡುತ್ತೇನೆ."

ಹಾಗೆಯೇ ಒಳಗೆ ಹೋದೆ. ತಣ್ಣಗಿನ ಗೋಡೆಗಳಲ್ಲಿ ಮಣ್ಣು ಮೆತ್ತಿದವರ ಬೆರಳ ಗುರುತು ಇನ್ನೂ ಇತ್ತು. ಒಮ್ಮೆ ಮುಟ್ಟಿ ನೋಡಬೇಕೆನಿಸಿತು. ಆದರೆ ಚಾಚಾ ಬೆನ್ನ ಹಿಂದೆಯೇ ಇದ್ದರು. ಶಾಲೆಯ ತಪಾಸಣೆಗೆ ಬಂದ ಇನ್ಸ್‌ಪೆಕ್ಟರನಂತೆ ಒಂದು ಸುತ್ತು ಹಾಕಿ, ಏನೂ ತಪ್ಪು ಕಾಣದೆ ಹೊರಗೆ ಬಂದೆ.