ನಾನೇ ಮಲಗಿಸಿದ ಅತ್ತೆ

ಹೋದ ವರ್ಷ ಸಂಕ್ರಾಂತಿ ಕಳೆದು, ನಮ್ಮ ಕಡೆ ಮಾವಿನ ಮರಗಳಲ್ಲಿ ಹೂವು ಕಾಣಿಸಿಕೊಳ್ಳುವ ಹೊತ್ತಿಗೆ ನಮ್ಮ ಆಫೀಸಿನಿಂದ ಒಂದು ಮೇಲ್ ಬಂತು. ಇನ್ನು ಮುಂದೆ ಎಲ್ಲರೂ ವಾರವಿಡೀ ಆಫೀಸಿಗೇ ಬಂದು ಕೆಲಸ ಮಾಡಬೇಕು, ಮನೆಯಿಂದ ಮಾಡುವ ಪದ್ಧತಿ ಮುಗಿಯಿತು ಎಂಬುದು ಅದರ ಸಾರ. ಕೊನೆಯಲ್ಲಿ 'ನಿಮ್ಮನ್ನು ಮತ್ತೆ ನೋಡಲು ಕಾಯುತ್ತಿದ್ದೇವೆ' ಎಂದು ಬೇರೆ ಬರೆದಿದ್ದರು. 

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಆರೋಗ್ಯ ವಿಮೆಯ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸ ಮಾಡುತ್ತೇನೆ. ಇಲ್ಲದ ಕಾಯಿಲೆ ಹೇಳಿಕೊಂಡು ಬಂದವರನ್ನು ಹಿಡಿಯುವುದೂ ಅದರಲ್ಲಿ ಸೇರಿದೆ. ಇದನ್ನು ಯಾಕೆ ಹೇಳಿದೆ ಎಂದು ನಿಮಗೆ ಮುಂದೆ ಗೊತ್ತಾಗುತ್ತದೆ. ನಮ್ಮ ಮನೆ ಇರುವುದು ಮಾಲೂರು ತಾಲೂಕಿನ ಲಕ್ಕೂರಿನ ಹತ್ತಿರದ ಹಳ್ಳಿಯಲ್ಲಿ. ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಎತ್ತಿಕೊಂಡು ಮನೆಗೆ ಬಂದವಳು ಅಲ್ಲೇ ನೆಲೆ ನಿಂತಿದ್ದೆ. ನನ್ನ ಗಂಡ ಮಂಜುನಾಥ್ ಮಾಲೂರಿನ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾರೆ. ಮಗಳು ಚೈತ್ರ ಆಗಷ್ಟೇ ಶಾಲೆಗೆ ಸೇರಿದ್ದಳು. ಇನ್ನು ನಮ್ಮತ್ತೆ ನಾರಾಯಣಮ್ಮ. ಎರಡು ಸೀಮೆಹಸು ಕಟ್ಟಿಕೊಂಡು, ಎರಡು ಹೊತ್ತೂ ಡೈರಿಗೆ ಹಾಲು ಹಾಕುವ ಗಟ್ಟಿ ಹೆಂಗಸು. ನನ್ನ ತಲೆಗಿಂತ ದೊಡ್ಡ ಹುಲ್ಲಿನ ಹೊರೆಯನ್ನು ಯಾರ ಕೈಯೂ ಹಿಡಿಸದೆ ತಲೆಗೇರಿಸಿಕೊಳ್ಳುತ್ತಾರೆ.

ಮೇಲ್ ಬಂದ ಮೇಲೆ ಕೆಲವು ವಾರ ಆಫೀಸಿಗೆ ಹೋದೆ. ಕತ್ತಲಿರುವಾಗಲೇ ಏಳುವುದು, ಸ್ಕೂಟರಿನಲ್ಲಿ ಮಾಲೂರು ಸ್ಟೇಷನ್ನು, ಅಲ್ಲಿಂದ ನಿಂತುಕೊಂಡೇ ರೈಲು, ಇಳಿದ ಮೇಲೆ ಮತ್ತೆ ಬಸ್ಸು. ಇಷ್ಟೆಲ್ಲ ಒದ್ದಾಡಿ ಹೋಗಿ ಮಾಡುತ್ತಿದ್ದುದೇನು? ಅಲ್ಲೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಚೆನ್ನೈ ಆಫೀಸಿನವರ ಜೊತೆ ಮಾತಾಡುವುದು. ಮನೆಗೆ ಬಂದರೆ ಮಗಳು ಅಜ್ಜಿಯ ಮಗ್ಗುಲಲ್ಲಿ ನಿದ್ದೆ. ಭಾನುವಾರ ಸಂಜೆಯಾದರೆ ಸಾಕು, ಎದೆ ಡವಡವ ಅನ್ನಲು ಶುರು. ಪಾತ್ರೆ ಕುಕ್ಕುತ್ತಿದ್ದೆ, ಮಗಳನ್ನು ಗದರುತ್ತಿದ್ದೆ, ಗಂಡ ಉಸಿರೆತ್ತಿದರೆ ಅವರ ಮೇಲೂ ಹಾರುತ್ತಿದ್ದೆ. ಒಂದು ಸಲ ರೈಲಿನಲ್ಲಿ ನಿಂತಲ್ಲೇ ಕಣ್ಣಲ್ಲಿ ನೀರು ಬಂದು, ಪಕ್ಕದಾಕೆ ಏನಮ್ಮಾ ಅಂದರೆ ದೂಳು ಅಂದೆ.

ಅಷ್ಟರಲ್ಲಿ ಯಾರೋ ಹೇಳಿದರು, ಮನೆಯಲ್ಲಿ ನಿಜವಾದ ತೊಂದರೆ ಇದ್ದವರಿಗೆ ಸ್ವಲ್ಪ ಕಾಲ ವಿನಾಯಿತಿ ಕೊಡುತ್ತಾರಂತೆ ಎಂದು. ನನ್ನ ಸುಸ್ತು, ನನ್ನ ಎದೆಬಡಿತ ಹೇಳಿಕೊಂಡರೆ ಯಾರು ಕೇಳುತ್ತಾರೆ ಅನ್ನಿಸಿತು. ಹೇಳಿ ನೋಡಲೂ ಇಲ್ಲ. ಒಂದು ದಿನ ರಜೆ ಹಾಕಿ ಮನೆಯಲ್ಲಿದ್ದಾಗಲೂ ತಪ್ಪದ ವಿಡಿಯೊ ಮೀಟಿಂಗಿನಲ್ಲಿ ಮ್ಯಾನೇಜರ್, "ಯಾರಿಗಾದರೂ ಸಮಸ್ಯೆ ಇದೆಯಾ?" ಎಂದು ಕೇಳಿದರು. ನನ್ನ ಬಾಯಿಂದ ಅದು ಹೇಗೆ ಬಂತೋ, "ಸರ್, ನಮ್ಮತ್ತೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಂಡಿದ್ದಾರೆ. ಹಾಸಿಗೆ ಹಿಡಿದುಬಿಟ್ಟಿದ್ದಾರೆ. ಎತ್ತಿ ಕೂರಿಸೋಕೂ ನಾನೇ ಬೇಕು" ಅಂದುಬಿಟ್ಟೆ.

ಹಾಗೆ ಹೇಳುವಾಗ ಕಿಟಕಿಯ ಆಚೆ ಹಾಸಿಗೆ ಹಿಡಿದಿದ್ದ ನಮ್ಮತ್ತೆ, ರಾಗಿ ಮುಕ್ಕಿದ ಮೇಕೆಯನ್ನು ಕೋಲು ಹಿಡಿದು ಬೀದಿಯುದ್ದಕ್ಕೂ ಅಟ್ಟಿಸಿಕೊಂಡು ಹೋಗುತ್ತಿದ್ದರು. ನಾನು ಗಾಬರಿಯಾಗಿ ಮೈಕ್ ಬಂದ್ ಮಾಡಿದೆ. ಮ್ಯಾನೇಜರ್ ಬಹಳ ಮರುಗಿದರು. "ನೀವು ಮನೆಯಲ್ಲೇ ಇರಿ ಶೋಭಾ, ಅವರನ್ನು ನೋಡ್ಕೊಳ್ಳಿ" ಅಂದರು.

ಎದೆಯ ಮೇಲಿನ ಚಪ್ಪಡಿ ಇಳಿದ ಹಾಗಾಯಿತು. ಯಾರಿಗೇನು ನಷ್ಟ ಎಂದುಕೊಂಡೆ. ಮನೆಯಲ್ಲಿ ಮಾತ್ರ ವಿನಾಯಿತಿ ಸಿಕ್ಕಿತು ಎಂದಷ್ಟೇ ಹೇಳಿದೆ. ಅತ್ತೆ ಖುಷಿಯಾಗಿ ಅವತ್ತು ಗಿಣ್ಣು ಮಾಡಿಕೊಟ್ಟರು. ಅದನ್ನೂ ಚಪ್ಪರಿಸಿಕೊಂಡು ತಿಂದೆ.

ಆದರೆ ನಾನು ಒಂದು ವಿಷಯ ಮರೆತಿದ್ದೆ. ಆ ಮೀಟಿಂಗಿನಲ್ಲಿ ಲತಾ ಎಂಬ ಹುಡುಗಿಯೂ ಇದ್ದಳು. ಅವಳು ಮುಳಬಾಗಿಲು ತಾಲೂಕಿನ ಬೈರಕೂರು ಕಡೆಯವಳು. ನಮ್ಮತ್ತೆಯ ತವರೂ ಅದೇ ಕಡೆ. ನಮ್ಮ ಜಿಲ್ಲೆಯ ಇಬ್ಬರು ಎಲ್ಲಿ ಸೇರಿದರೂ ಮೊದಲು ಊರು, ಆಮೇಲೆ ಯಾರ ಪೈಕಿ ಎಂದು ವಿಚಾರಿಸದೆ ಬಿಡುವುದಿಲ್ಲವಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲೇ ನಾವಿಬ್ಬರೂ ಅದನ್ನೆಲ್ಲ ಜಾಲಾಡಿ ಮುಗಿಸಿದ್ದೆವು.

ಒಂದು ಶನಿವಾರ ಮಧ್ಯಾಹ್ನ ಲತಾಳ ಫೋನು ಬಂತು. "ಅಕ್ಕಾ, ನಿಮ್ಮತ್ತೆ ವಿಷ್ಯ ನಮ್ಮಮ್ಮಂಗೆ ಹೇಳಿದ್ದೆ. ಅಮ್ಮ ನಿಮ್ಮತ್ತೆಯೋರ ಅಣ್ಣಂಗೆ ಹೇಳಿದ್ರಂತೆ. ಪಾಪ, ಅವ್ರು ಒಂದೇ ಸಮ ಅತ್ತುಬಿಟ್ರಂತೆ ಅಕ್ಕ. ಬೆಳಗ್ಗೆನೇ ಬಸ್ ಹತ್ತಿದಾರಂತೆ ನಿಮ್ಮೂರಿಗೆ."

 ಅತ್ತೆಗೂ ಅವರ ಅಣ್ಣ, ನಾನು ದೊಡ್ಡಪ್ಪ ಎನ್ನುವ ವೆಂಕಟರಾಮಪ್ಪನವರಿಗೂ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ತಮ್ಮ ಮಗಳ ಮದುವೆಗೆ ಅವರು ಮನೆಗೆ ಬಂದು ಕುಂಕುಮ ಕೊಟ್ಟು ಕರೆಯದೆ, ಯಾರ ಕೈಯಲ್ಲೋ ಕಾರ್ಡು ಕಳಿಸಿದ್ದರು. ಒಡಹುಟ್ಟಿದ ತಂಗಿಯನ್ನು ಕರೆಯುವ ರೀತಿಯೇ ಇದು ಎಂದು ಅತ್ತೆ ಹೋಗಲಿಲ್ಲ. ಹೋಗಲಿಲ್ಲವೆಂದು ಅವರೂ ಈ ಕಡೆ ತಲೆ ಹಾಕಲಿಲ್ಲ. ಇಬ್ಬರೂ ಒಂದೇ ಹಟದ ಕುಲ. ಅಂಥವರು ಈಗ ಮುಳಬಾಗಿಲು, ಕೋಲಾರ, ಮಾಲೂರು ಎಂದು ಬಸ್ಸು ಬದಲಾಯಿಸಿಕೊಂಡು ಬರುತ್ತಿದ್ದರು.

ಬೇರೆ ದಾರಿಯೇ ಇರಲಿಲ್ಲ. ಅತ್ತೆ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ಹೋಗಿ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಎಲ್ಲ ಹೇಳಿದೆ. ಅವರ ಕೈಯಲ್ಲಿದ್ದ ಮೊರ ನಿಂತಿತು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

"ನಂಗೆ ಏನಾಗದೆ ಅಂತ ಹೇಳಿದ್ದೀಯ?" ಅಂದರು.

"ಸೊಂಟ ಮುರಿದಿದೆ ಅಂತ."

"ಎಲ್ಲಿ ಬಿದ್ದೆನಂತೆ?"

"ಕೊಟ್ಟಿಗೇಲಿ."

"ಕೊಟ್ಟಿಗೇಲಿ!" ಅವರ ಧ್ವನಿ ಆಗ ಏರಿತು. "ನಾನು ಕೊಟ್ಟಿಗೇಲಿ ಜಾರಿ ಬೀಳೋಳೇನೇ? ಮದ್ವೆಯಾಗಿ ಬಂದ ದಿನದಿಂದ ಆ ಕೊಟ್ಟಿಗೇನ ಒಂದು ದಿನ ಪಾಚಿ ಕಟ್ಟೋಕೆ ಬಿಟ್ಟಿದ್ದೀನಾ? ಬಚ್ಚಲಲ್ಲಿ ಬಿದ್ದೆ ಅನ್ನಬಾರದಾಗಿತ್ತಾ?"

ನಗುವೂ ಬಂತು, ಅಳುವೂ ಬಂತು. "ಅತ್ತೆ, ದೊಡ್ಡಪ್ಪ ಬಂದ ತಕ್ಷಣ ನಾನೇ ನಿಜ ಹೇಳಿಬಿಡ್ತೀನಿ" ಅಂದೆ.

ಅತ್ತೆ ಬೀದಿಯ ಕಡೆ ನೋಡಿದರು. "ನಾನು ಎದ್ದು ಓಡಾಡ್ತಿರೋದು ಕಂಡ್ರೆ ಬಾಗಿಲಿಂದಾನೇ ತಿರುಗಿ ಹೋಗ್ತಾನೆ. ಆಟ ಕಟ್ಟಿ ಕರೆಸಿಕೊಂಡಳು ಅಂತಾನೆ. ಅವನ ರೋಷ ನಂಗೊತ್ತಿಲ್ವಾ? ಮೊದ್ಲು ಒಂದು ಲೋಟ ನೀರು ಕುಡೀಲಿ" ಎಂದು ಎದ್ದು, ಸೀರೆಯ ಹೊಟ್ಟು ಕೊಡವಿಕೊಂಡು ಒಳಗೆ ಹೋದರು. ಹಗಲು ಹೊತ್ತು ಎಂದೂ ನೆಲಕ್ಕೆ ಬೆನ್ನು ಕೊಡದ ಹೆಂಗಸು ನಡುಮನೆಯಲ್ಲಿ ಚಾಪೆ ಹಾಸಿ, ಕಂಬಳಿ ಹೊದ್ದು ಮಲಗಿದರು. ನಾನೇ ತಲೆದಿಂಬು ತಂದುಕೊಟ್ಟೆ.

ದೊಡ್ಡಪ್ಪ ಬಂದರು. ಬಿಳಿ ಪಂಚೆ, ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಬ್ರೆಡ್ಡು, ಮೂಸಂಬಿ. ಇನ್ನೊಂದರಲ್ಲಿ ಒಂದು ಹಸಿರು ಸೀರೆ.  ಚಾಪೆಯ ಪಕ್ಕ ಕೂತು ಅತ್ತೆಯ ಕೈ ಹಿಡಿದುಕೊಂಡು, "ಎಟ್ಲುಂಡಾವಮ್ಮಾ?" ಅಂದರು. ಹೇಗಿದ್ದೀಯಮ್ಮ ಎಂದು. ಅತ್ತೆಯ ತವರಿನಲ್ಲಿ ಮಾತು ತೆಲುಗು. ಅತ್ತೆ ಏಳುವಂತೆ ಅಲುಗಾಡಿದರೆ, "ಲೇಯೊದ್ದು, ಲೇಯೊದ್ದು" ಎಂದು ಭುಜ ಒತ್ತಿ ಮಲಗಿಸಿದರು. ಆಮೇಲೆ ನನಗೂ ಕೇಳಲಿ ಎಂಬಂತೆ ಕನ್ನಡದಲ್ಲಿ, "ಕುಂಕುಮ ಕೊಟ್ಟು ಕರೆಯೋಕೆ ಬರ್ಲಿಲ್ಲ ನಾನು. ತಪ್ಪು ನಂದೇ ಕಣಮ್ಮ. ಹೇಳೋಕೆ ಇಷ್ಟು ವರ್ಷ ಮಾಡ್ಕೊಂಡೆ" ಅಂದರು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಅತ್ತರು. ಆ ಅಳುವಿನಲ್ಲಿ ನಾಟಕ ಇರಲಿಲ್ಲ.

ನಾನು ಹಾಲು ಬಿಸಿ ಮಾಡಿ ತಂದುಕೊಟ್ಟೆ. ಅವರು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಅದ್ದಿ ತಂಗಿಗೆ ತಿನ್ನಿಸಿದರು. ಬ್ರೆಡ್ಡು ಕಂಡರೆ ಆಗದ ಅತ್ತೆ ತುಟಿಪಿಟಿಕ್ಕೆನ್ನದೆ ನುಂಗಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಆಗ ಅವರು ನನ್ನ ಕಡೆ ತಿರುಗಿದರು.

"ಮಗಳೇ, ನೀನು ಆಫೀಸಿಗೂ ಹೋಗ್ದೆ ಇವಳನ್ನ ಎತ್ತಿ ಇಳಿಸಿ ನೋಡ್ಕೊತಿದ್ದೀಯಂತೆ. ಈ ಕಾಲದಲ್ಲಿ ಯಾವ ಸೊಸೆ ಮಾಡ್ತಾಳಮ್ಮ? ನಮ್ಮ ಮನೆ ಹೆಣ್ಣನ್ನ ಕಾಪಾಡಿದೆ" ಎಂದು, ಅಷ್ಟು ವಯಸ್ಸಾದವರು, ಎರಡೂ ಕೈ ಜೋಡಿಸಿ ನನಗೆ ಮುಗಿದರು.

ನನ್ನ ಜೀವನದಲ್ಲಿ ಅಷ್ಟು ನಾಚಿಕೆ ನನಗೆಂದೂ ಆಗಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಹಾಗೆ. ಆದರೂ ನಿಜ ಹೇಳುವ ಧೈರ್ಯ ಬರಲಿಲ್ಲ. ಹಾಲು ಕರೆಯುವ ಹೊತ್ತಾಯಿತು ಎಂದು ನೆಪ ಹೇಳಿ ಬಕೆಟ್ಟು ಎತ್ತಿಕೊಂಡು ಕೊಟ್ಟಿಗೆಗೆ ಓಡಿದೆ.

ನಮ್ಮ ದೊಡ್ಡ ಹಸು ಅತ್ತೆಯ ಕೈ ಬಿಟ್ಟು ಯಾರ ಕೈಗೂ ಹಾಲು ಬಿಡುವುದಿಲ್ಲ. ಗೊತ್ತಿದ್ದೂ ಹೋಗಿದ್ದೆ. ನಾನು ಕೆಚ್ಚಲಿಗೆ ಕೈ ಇಟ್ಟದ್ದೇ ತಡ, ಬಕೆಟ್ಟನ್ನು ಒದ್ದು ಉರುಳಿಸಿ ಊರಿಗೇ ಕೇಳುವ ಹಾಗೆ ಅರಚಿತು. ಇನ್ನೊಮ್ಮೆ ಕೂತೆ, ಇನ್ನೊಮ್ಮೆ ಅರಚಿತು. ಅಷ್ಟರಲ್ಲಿ ಒಳಗಿನಿಂದ, "ಬಂದೆ ಕಣೇ, ಬಂದೆ! ಯಾಕೆ ಹಂಗ್ ಒದರ್ತೀಯ?" ಎಂಬ ಧ್ವನಿ ಕೇಳಿತು. ತಿರುಗಿ ನೋಡಿದರೆ ಸೊಂಟ ಮುರಿದ ನಮ್ಮತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಡದಡ ನಡೆದು ಬರುತ್ತಿದ್ದರು. ಹಸುವಿನ ಪಕ್ಕ ಕುಕ್ಕರಿಸಿ, ಮೊಲೆಗೆ ಕೈ ಹಾಕಿದ ಮೇಲೇ ಅವರಿಗೆ ತಾವು ಏನು ಮಾಡಿದೆವೆಂದು ಹೊಳೆದದ್ದು. ಆದರೂ ಕರೆಯುವುದನ್ನು ನಿಲ್ಲಿಸಲಿಲ್ಲ.

ದೊಡ್ಡಪ್ಪ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಇನ್ನೂ ಒಂದು ಬ್ರೆಡ್ಡಿನ ಚೂರು ಇತ್ತು.  ಅತ್ತೆ ತಲೆ ಎತ್ತದೆ, "ಅವಳದು ತಪ್ಪಿಲ್ಲ ಅಣ್ಣ, ನಾನೇ..." ಎಂದು ಏನೋ ಶುರು ಮಾಡಿದರು. ನನ್ನ ಸುಳ್ಳಿಗೆ ಅವರು ಇನ್ನೊಂದು ಸುಳ್ಳು ಹೊರುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಅಲ್ಲೇ, ಸಗಣಿ ಮೆತ್ತಿದ ಕಾಲಿನಲ್ಲೇ ನಿಂತು ಎಲ್ಲ ಹೇಳಿದೆ. ರೈಲು, ಎದೆಬಡಿತ, ಮೀಟಿಂಗು, ಸೊಂಟ, ಎಲ್ಲ.

ದೊಡ್ಡಪ್ಪ ಮೆಟ್ಟಿಲ ಮೇಲೆ ಕೂತರು. ಆಮೇಲೆ, "ಕೂಗಾಡೋಕೆ ನಂಗೆ ಮುಖ ಎಲ್ಲಿದೆ? ಇವಳು ಚೆನ್ನಾಗಿದ್ದಾಳೆ ಅಂತ ಯಾರಾದ್ರೂ ಹೇಳಿದ್ರೆ ನಾನು ಬರ್ತಾನೇ ಇರ್ಲಿಲ್ಲ" ಅಂದರು. ಚೂರನ್ನು ಕೋಳಿಗೆ ಹಾಕಿ, ನನ್ನ ಮುಖ ನೋಡದೆ ಮತ್ತೂ ಒಂದು ಮಾತು ಹೇಳಿದರು. "ಆದ್ರೆ ಮಗಳೇ, ಬಸ್ಸಲ್ಲಿ ದಾರಿಯುದ್ದಕ್ಕೂ ಮನಸ್ಸಲ್ಲೇ ಇವಳ ಹೆಣ ಹೊತ್ಕೊಂಡು ಬಂದೆ. ಅದೊಂದನ್ನ ಹೇಗೆ ಇಳಿಸ್ಲಿ?"

 

ಅವತ್ತು ಅವರು ನಮ್ಮಲ್ಲೇ ಉಳಿದು, ಮುದ್ದೆ ಬಸ್ಸಾರು ಉಂಡು, ಮಾರನೆಯ ದಿನ ಹೋದರು. ಅತ್ತೆ ಆ ಹಸಿರು ಸೀರೆ ಉಟ್ಟು ಬಸ್ಸಿನ ತನಕ ಹೋಗಿ ಬಂದರು. ಅಣ್ಣ ತಂಗಿ ಒಂದಾದರಲ್ಲ, ಬಿಡು ಎಂದರು ನನ್ನ ಗಂಡ. ಹಾಗೆ ಬಿಡಲು ನನಗೆ ಆಗಲಿಲ್ಲ. ಒಳ್ಳೆಯದಾದದ್ದು ಅವರ ಅಂತಃಕರಣದಿಂದ, ನನ್ನ ಸುಳ್ಳಿನಿಂದಲ್ಲ.

ಸೋಮವಾರ ಮ್ಯಾನೇಜರಿಗೆ ಫೋನ್ ಮಾಡಿ ನಿಜ ಹೇಳಿದೆ. ಕೆಲಸ ಹೋದರೆ ಹೋಗಲಿ ಎಂದು ಗಟ್ಟಿ ಮಾಡಿಕೊಂಡಿದ್ದೆ. ಅವರೂ ಕೂಗಾಡಲಿಲ್ಲ. "ಕಷ್ಟ ಆಗ್ತಿದೆ ಅಂತ ಹಾಗೇ ಹೇಳಿದ್ರೆ ಏನಾದ್ರೂ ಪ್ರಯತ್ನ ಮಾಡ್ತಿದ್ದೆ. ನಾಳೆ ಯಾರಾದ್ರೂ ನಿಜವಾಗಿ ಹಾಸಿಗೆ ಹಿಡಿದವರ ವಿಷಯ ಹೇಳಿದ್ರೆ ನಾನು ಹೇಗೆ ನಂಬಲಿ ಶೋಭಾ?" ಎಂದಷ್ಟೇ ಕೇಳಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಈಗ ದಿನಾ ಆಫೀಸಿಗೆ ಹೋಗುತ್ತೇನೆ. ರೈಲು ಅದೇ, ನೂಕುನುಗ್ಗಲು ಅದೇ, ಸುಸ್ತೂ ಅದೇ. ಆದರೆ ಸುಸ್ತಾದರೆ ಸುಸ್ತಾಗಿದೆ ಎಂದು ಬಾಯಿ ಬಿಟ್ಟು ಹೇಳುತ್ತೇನೆ, ಮನೆಯಲ್ಲೂ, ಆಫೀಸಿನಲ್ಲೂ. ಆಫೀಸಿನಲ್ಲಿ ಬಹಳ ಮಂದಿಗೆ ನಾನು ಹೇಳಿದ ಸುಳ್ಳಷ್ಟೇ ಗೊತ್ತು, ನಿಜ ಗೊತ್ತಿಲ್ಲ. ಅವರು "ಅತ್ತೆ ಹೇಗಿದ್ದಾರೆ?" ಎಂದು ಕಾಳಜಿಯಿಂದ ಕೇಳಿದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

ಆ ಮಂಗಳವಾರ, ಮತ್ತೆ ಆಫೀಸಿಗೆ ಹೊರಟ ಮೊದಲ ಬೆಳಗ್ಗೆ, ಅತ್ತೆ ನನಗಿಂತ ಮುಂಚೆ ಎದ್ದು ಡಬ್ಬಿ ಕಟ್ಟಿದ್ದರು. ಸ್ಕೂಟರ್ ತನಕ ಬಂದು, ಡಬ್ಬಿಯನ್ನು ನನ್ನ ಚೀಲಕ್ಕೆ ತುರುಕಿ, ನಗದೆ ಹೇಳಿದರು: "ಯಾರಾದ್ರೂ ಕೇಳಿದ್ರೆ, ನಮ್ಮತ್ತೆ ಎದ್ದವ್ರೆ ಅಂತ ಹೇಳು."