ಒಪ್ಪತ್ತಿನ ತೂಕ

ಬಾಗಿಲಿಗೆ ನೀರು ಹಾಕಿದೆ. ಮೊಳಕೆ ಬಂದ ಹೆಸರುಕಾಳು ತೊಳೆದಿಟ್ಟೆ. ತಂಗಿಯ ಎರಡು ಸೀರೆ ಇಸ್ತ್ರಿಗೆ ಕೊಟ್ಟೆ, ಗ್ಯಾಸ್ ಬುಕ್ ಮಾಡಿದೆ, ಕರಿಬೇವು ಬಿಡಿಸಿದೆ. ಹನ್ನೊಂದಕ್ಕೆ ಬಸ್ಸು ಹತ್ತಿ ಜಯನಗರದ ಆಸ್ಪತ್ರೆಗೆ ಹೋಗಿಬಂದೆ. ಸಂಜೆ ಯಡಿಯೂರು ಕೆರೆ ಒಂದು ಸುತ್ತು ನಡೆದೆ. ಈ ಕೊನೆಯ ಕೆಲಸ ಆರು ವರ್ಷದಿಂದ ಬಿಟ್ಟುಹೋಗಿತ್ತು.

ಆರು ವರ್ಷದ ಹಿಂದೆ ಅಪ್ಪ ಆ ಕೆರೆಯ ದಾರಿಯಲ್ಲೇ ನಡೆಯುತ್ತ ಕುಸಿದು ತೀರಿಕೊಂಡರು. ಹೃದಯದ ಗೋಡೆ ದಪ್ಪವಾಗುವ ಕಾಯಿಲೆ, ವಂಶದಲ್ಲಿ ಬರುತ್ತದೆ ಎಂದು ಆಮೇಲೆ ತಿಳಿಯಿತು. ನಾವು ಅಕ್ಕತಂಗಿಯರಿಬ್ಬರೂ ಪರೀಕ್ಷೆ ಮಾಡಿಸಿಕೊಂಡೆವು. ನನಗೆ ಬಂದಿತ್ತು, ಅವಳಿಗೆ ಇರಲಿಲ್ಲ. ಆಟೋದಲ್ಲಿ ಬರುವಾಗ ಅವಳು ನನ್ನ ಕೈ ಹಿಡಿದುಕೊಂಡೇ ಇದ್ದಳು. ಅವಳಿಗಾದ ಸಮಾಧಾನ ಮುಖದಲ್ಲಿ ಕಾಣದಿರಲಿ ಎಂದು, ಪಾಪ, ಹೊರಗೆ ನೋಡುತ್ತಿದ್ದಳು. ಒಂದೇ ಮನೆ, ಒಂದೇ ಒಲೆ. ಈ ಒಂದರಲ್ಲಿ ಮಾತ್ರ ನಾನೊಬ್ಬಳೇ.

ಕೊಬ್ಬು ಹೆಚ್ಚಿದರೆ ಈ ಹೃದಯಕ್ಕೆ ಕಷ್ಟ, ತೂಕ ಇಳಿಸಿ, ನಿಧಾನವಾಗಿ ನಡೆಯಿರಿ ಎಂದಿದ್ದರು ಡಾಕ್ಟರಮ್ಮ. ನಡೆಯಲು ನನಗೆ ಭಯ. ಗೊತ್ತಿದ್ದ ಉಪವಾಸದ ದಾರಿ ಹಿಡಿದೆ. ಶನಿವಾರ ಮೊದಲಿಂದಲೂ ಒಪ್ಪತ್ತು, ದಿನಕ್ಕೆ ಒಂದೇ ಊಟ. ಸೋಮವಾರ, ಗುರುವಾರವನ್ನೂ ಸೇರಿಸಿದೆ. ಏಕಾದಶಿಗೆ ನೀರೂ ಇಲ್ಲ. ದೇವರ ಮಾತೂ ಡಾಕ್ಟರ ಮಾತೂ ಒಟ್ಟಿಗೇ ನಡೆದವು ಎಂದುಕೊಂಡೆ. ತಂಗಿ ಮಾತ್ರ, “ಎಲ್ಲಾ ದೇವ್ರಿಗೂ ಒಂದೊಂದು ವಾರ ಕೊಟ್ಟೆ. ಊಟಕ್ಕೆ ಯಾವ ವಾರ ಇಟ್ಟಿದೀಯಕ್ಕ?” ಎಂದು ಚುಚ್ಚುತ್ತಿದ್ದಳು. ಎಂಟು ಕೆ.ಜಿ. ಇಳಿದಾಗ ರವಿಕೆಗಳಿಗೆಲ್ಲ ಒಳಹೊಲಿಗೆ ಹಾಕಿಕೊಂಡು ಹಿಗ್ಗಿದೆ.

ಇವತ್ತು ಆಸ್ಪತ್ರೆಯಲ್ಲಿ ಬರಿಗಾಲಲ್ಲಿ ಒಂದು ಯಂತ್ರದ ಮೇಲೆ ನಿಲ್ಲಿಸಿ, ಎರಡು ಹಿಡಿಕೆ ಹಿಡಿದುಕೊಳ್ಳಲು ಹೇಳಿದರು. ಅದು ಮೈಯ ಕೊಬ್ಬೆಷ್ಟು, ಮಾಂಸಖಂಡವೆಷ್ಟು ಎಂದು ಬೇರೆಬೇರೆ ತೋರಿಸುತ್ತದಂತೆ. ಡಾಕ್ಟರಮ್ಮ ಹಾಳೆಯನ್ನು ಎರಡು ಸಲ ನೋಡಿದರು.

“ಕೊಬ್ಬು ಅಷ್ಟೇನೂ ಕರಗಿಲ್ಲ ಮೇಡಂ. ಹೋಗಿರೋದು ಹೆಚ್ಚಾಗಿ ಮಾಂಸಖಂಡ. ಊಟ ಹೇಗ್ ಮಾಡ್ತೀರಾ?”

ಒಪ್ಪತ್ತಿನ ವಿಷಯ ಹೇಳಿದೆ. ಹೋದ ಏಕಾದಶಿ ದೇವರ ಮನೆಯಲ್ಲಿ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದು ಕೂತದ್ದನ್ನೂ ಹೇಳಿದೆ. ಅದು ತಂಗಿಗೂ ಗೊತ್ತಿರಲಿಲ್ಲ. ಅವರು ಪೆನ್ನು ಕೆಳಗಿಟ್ಟರು. ಈ ಕಾಯಿಲೆಯಲ್ಲಿ ನೀರು ಬಿಟ್ಟರೆ ತಲೆ ಸುತ್ತಿ ಬೀಳಬಹುದು ಎಂದರು. ತೂಕ ಒಂದನ್ನೇ ನಂಬಬಾರದು, ಕೈಕಾಲಿನಲ್ಲಿ ಬಲವಿದ್ದವರು ಹೆಚ್ಚು ತಾಳಿಕೊಳ್ಳುವಂತೆ ಕಾಣುತ್ತದೆ, ಆದರೆ ಇದನ್ನು ಪೂರ್ತಿ ತಿಳಿದವರು ಇನ್ನೂ ಇಲ್ಲ ಎಂದೂ ಹೇಳಿದರು. ಕಾಳು, ಬೇಳೆ, ಮೊಸರು, ಮೂರು ಹೊತ್ತು ಊಟ, ದಿನಾ ನಡಿಗೆ.

“ಮಾತಾಡ್ಕೊಂಡು ನಡೆಯೋಕೆ ಆಗ್ಬೇಕು. ಅಷ್ಟು ನಿಧಾನ.”

ಯಾರ ಜೊತೆ ಎಂದು ಅವರು ಕೇಳಲಿಲ್ಲ. ತಂಗಿಗೆ ಮಂಡಿನೋವು, ಸಂಜೆ ಧಾರಾವಾಹಿ ಬೇರೆ. ಕೆರೆಯ ಸುತ್ತ ಎಲ್ಲರೂ ಜೋಡಿ ಜೋಡಿ. ನಾನು ನಾಳೆ ತರಬೇಕಾದ ತರಕಾರಿಯನ್ನು ಮೆಲ್ಲಗೆ ಹೇಳಿಕೊಳ್ಳುತ್ತ ನಡೆದೆ: ಹುರುಳಿಕಾಯಿ, ಸೊಪ್ಪು, ಎರಡು ನಿಂಬೆಹಣ್ಣು. ಅಪ್ಪ ಬಿದ್ದ ಜಾಗ ಬಂದಾಗ ಬಾಯಿ ನಿಂತಿತು. ಕಾಲು ನಿಲ್ಲಿಸಲಿಲ್ಲ. ಆ ಜಾಗ ದಾಟಿದ ಮೇಲೆ ಮೂಲಂಗಿ ನೆನಪಾಯಿತು.

ರಾತ್ರಿ ನನಗೂ ತಟ್ಟೆ ಹಾಕಿಕೊಂಡೆ.

“ಇವತ್ತು ಗುರುವಾರ ಕಣಕ್ಕ,” ಎಂದಳು ತಂಗಿ.

“ಗೊತ್ತು. ಬಡಿಸು.”

ಮುದ್ದೆ, ಹೆಸರುಕಾಳಿನ ಸಾರು, ಒಂದು ಬಟ್ಟಲು ಮೊಸರು ಉಂಡೆ. ಒಂಬತ್ತೂವರೆಗೆ ತಂಗಿ ನನಗಿಂತ ಮೊದಲು ಮಲಗಿ ನಿದ್ದೆ ಹೋದಳು; ನಾನು ನಾಳೆಗೆ ಕಾಳು ನೆನೆಹಾಕಿದೆ.