ಸೈಕಲ್‌ಗೆ ಕೊಂಬು ಬಂದಾಗ

"ಎಂತದು ಮಾರಾಯ್ತಿ ಇದು? ಸೈಕಲ್‌ಗೆ ಕೊಂಬು ಬಂದಿದೆಯಲ್ಲ!"

ಕಳೆದ ವಾರ ನನ್ನ ಸೈಕಲ್ ನೋಡಿ ನಮ್ಮ ಯಜಮಾನರು ಹೇಳಿದ ಮಾತಿದು. ಕೊಂಬಲ್ಲ, ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಎಂದೆ. ಅರವತ್ತು ದಾಟಿದವಳಿಗೆ ಇದೆಲ್ಲ ಯಾಕೆ ಎಂದರು. ನೀವೂ ಇದನ್ನೇ ಕೇಳುತ್ತೀರಿ, ಗೊತ್ತು. ಅದಕ್ಕೇ ಈ ವಾರ ಸೈಕಲ್ ಪುರಾಣ.

ಮಾದಾಪುರದ ಹತ್ತಿರ ಎಸ್ಟೇಟಿನವರೇ ನಡೆಸುತ್ತಿದ್ದ ಪುಟ್ಟ ಶಾಲೆಯಲ್ಲಿ ಟೀಚರ್ ಆಗಿದ್ದಾಗ ಕೊಂಡ ಮೌಂಟನ್ ಬೈಕ್ ಅದು. ಮೇನ್ ರೋಡಿನಿಂದ ಶಾಲೆಯವರೆಗೂ ಕಾಫಿ ಗಿಡಗಳ ನಡುವೆ ಜಲ್ಲಿ ರಸ್ತೆ. ಬಸ್ಸಿಲ್ಲ, ಜೀಪು ಸಿಕ್ಕರೆ ಪುಣ್ಯ. ತಿರುವಿನಲ್ಲಿ ಕಾದು ನಿಂತ, ತೋಟದ ಕೆಲಸದವರ ಲೈನ್‌ಮನೆಗಳ ಮಕ್ಕಳು "ಟೀಚರ್ ಬಂತು, ಟೀಚರ್ ಬಂತು" ಎಂದು ಸೈಕಲ್ ಹಿಂದೆ ಓಡಿ ಬರುತ್ತಿದ್ದವು. ("ಬಂದರು" ಅನ್ನಬೇಕು ಎಂದು ಕಲಿಸಿ ಕಲಿಸಿ ಸೋತೆ. ಮನೆಯಲ್ಲಿ ತಮಿಳು, ತೋಟದಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಪಾಪ, ಎಷ್ಟು ಅಂತ ನೆನಪಿಡುತ್ತವೆ?)

ಆಮೇಲೆ ಮಕ್ಕಳು ಕಮ್ಮಿಯಾದರು, ಶಾಲೆ ಮುಚ್ಚಿತು. ಸೈಕಲ್ ಶೆಡ್ ಸೇರಿತು.

ಈಗ ನನಗೆ ಮಂಡಿ ಆಪರೇಷನ್ ಆಗಬೇಕು. "ಆಮೇಲೆ ಸೈಕಲ್ ತುಳೀಬಹುದಾ?" ಎಂದರೆ ಡಾಕ್ಟರು ನಕ್ಕರು. ಡಾಕ್ಟರು ನಕ್ಕರೆ ಏನರ್ಥ? ಅದಕ್ಕೆ ಮೊದಲು ಒಂದೇ ಒಂದು ಸಲ ಆ ರಸ್ತೆಯಲ್ಲಿ ಶಾಲೆವರೆಗೆ ಹೋಗಿಬರಬೇಕು ಅನ್ನಿಸಿಬಿಟ್ಟಿತು. ಅನ್ನಿಸಿದ್ದಲ್ಲ, ಮನಸ್ಸು ಹಟವೇ ಹಿಡಿಯಿತು.

ಸೋಮವಾರಪೇಟೆಯ ಮೆಕ್ಯಾನಿಕ್ ರಫೀಕ್ ಸೈಕಲನ್ನು ಎತ್ತಿ ನೋಡಿದ. "ಮುಂದಿನ ಶಾಕ್ ಅಬ್ಸಾರ್ಬರ್ ತುಕ್ಕು ಹಿಡಿದಿದೆ ಟೀಚರೇ. ಜಲ್ಲಿ ರಸ್ತೆಗೇ ಅಂತ ಇರುವ ಗ್ರ್ಯಾವೆಲ್ ಬೈಕ್ ಮಾಡಿಬಿಡುವ. ಭಾರ ಕಮ್ಮಿ, ಮಂಡಿಗೆ ಆರಾಮ."

ಮುಂದಿನ ಶಾಕ್ ಹೋಗಿ ಗಟ್ಟಿ ಫೋರ್ಕ್ ಬಂತು. ದಪ್ಪ ಹಲ್ಲಿನ ಟಯರ್ ಹೋಗಿ ಸಪೂರದ್ದು ಬಂತು. ಆಮೇಲೆ ಕೊಂಬು. ಹೊಸ ಬ್ರೇಕ್ ಲಿವರಿಗೂ ಹಳೇ ಬ್ರೇಕಿಗೂ ಹೊಂದಾಣಿಕೆಯೇ ಇಲ್ಲ. ಮೊದಲ ದಿನ ಬ್ರೇಕ್ ಹಿಡಿದರೆ ಸೈಕಲ್ ಸ್ವಲ್ಪ ಯೋಚಿಸಿ ಆಮೇಲೆ ನಿಲ್ಲುತ್ತಿತ್ತು! ರಫೀಕ್ ಬ್ರೇಕನ್ನೂ ಬದಲಾಯಿಸಿದ. ಹಳೆಯದು ಅಂತ ಉಳಿದದ್ದು ಫ್ರೇಮ್ ಮತ್ತು ನಾನು.

ಭಾನುವಾರ ಹೊರಟೆ. ಎಸ್ಟೇಟ್ ಮಾರಾಟವಾಗಿದೆ ಎಂದು ಕೇಳಿದ್ದೆ. ರಸ್ತೆಗೆ ಗೇಟ್ ಬಿದ್ದಿದೆ ಎಂದು ಯಾರೂ ಹೇಳಿರಲಿಲ್ಲ.

"ಬುಕಿಂಗ್ ಇದ್ಯಾ ಮೇಡಂ?" ವಾಚ್‌ಮನ್ ಕೇಳಿದ.

"ಶಾಲೆವರೆಗೆ ಹೋಗ್ಬೇಕಪ್ಪ."

"ಇಲ್ಲಿ ಶಾಲೆ ಇಲ್ಲ. ರೆಸಾರ್ಟ್ ಇದು."

ನನ್ನ ಮುಖ ನೋಡಿ ಅವನೇ ಮ್ಯಾನೇಜರಿಗೆ ಫೋನ್ ಹಚ್ಚಿದ. ಆ ತುದಿಯ ಮಾತು ನನಗೂ ಕೇಳಿಸಿತು. "ವಯಸ್ಸಾದವ್ರು ತಾನೇ? ಬಿಡು, ಬಿಡು." (ವಯಸ್ಸಾದವರಂತೆ! ಇರಲಿ, ಗೇಟು ತೆರೆಯಿತಲ್ಲ.)

ಒಳಗೆ ಅದೇ ಜಲ್ಲಿ. ರೆಸಾರ್ಟಿನವರು ಟಾರು ಹಾಕಿಸಿಲ್ಲ, ಬಂದವರಿಗೆ ಹಳ್ಳಿ ರಸ್ತೆಯೇ ಇಷ್ಟವಂತೆ. ಟಯರಿನಡಿ ಕರಕರ ಸದ್ದು ಕೇಳಿದ್ದೇ ತಡ, ಮಂಡಿ ನೋವು ಮರೆತೇಹೋಯಿತು. ತಿರುವು ಬಂದಾಗ ಸುಮ್ಮನೆ ಹಿಂದೆ ತಿರುಗಿ ನೋಡಿದೆ. ಯಾರಿರುತ್ತಾರೆ ಅಲ್ಲಿ? ಆದರೂ ನೋಡಿದೆ. ಅಳು ಬಂತು, ಅತ್ತೆ. ಯಾರ ಭಯ?

ಶಾಲೆ ಇತ್ತು! ಅದೇ ಹೆಂಚು, ಅದೇ ಕಿಟಕಿ. ಒಳಗೆ ಮಾತ್ರ ಊಟದ ಮೇಜುಗಳು. ಗೋಡೆಯ ಮೇಲೆ ನನ್ನದೇ ಕಪ್ಪು ಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ತಿಂಡಿ: "ಅಕ್ಕಿ ರೊಟಿ."

ಒತ್ತಕ್ಷರ ಎಲ್ಲಿ? ಕೈ ತಡೆಯಲಿಲ್ಲ. ಕೆಳಗಿದ್ದ ಸೀಮೆಸುಣ್ಣ ಎತ್ತಿಕೊಂಡು ಟಿ ಕೆಳಗೆ ಒತ್ತು ಕೊಟ್ಟೆ.

ಹಿಂದಿನಿಂದ ಮ್ಯಾನೇಜರ್ ಬಂದು ಬಹಳ ವಿನಯದಿಂದ ಹೇಳಿದ, "ಮೇಡಂ, ಪ್ಲೀಸ್, ಗೆಸ್ಟ್‌ಗಳು ಬೋರ್ಡ್ ಮುಟ್ಟಬಾರದು."

ನೀವೇ ಹೇಳಿ, ಅಲ್ಲಿ ಗೆಸ್ಟ್ ಯಾರು?